ಕಪ್ಪಾದ ಮಲ, ಹಳದಿ ಪಟ್ಟಿ

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ತಂಗಿಯ ಹದಿನಾಲ್ಕು ತಿಂಗಳ ಮಗಳನ್ನು ತೂಕ ಹಾಕಿಸಲು ನಾನೇ ಅಂಗನವಾಡಿಗೆ ಎತ್ತಿಕೊಂಡು ಹೋದೆ. ನಮಗಿಂತ ಮುಂದಿದ್ದ, ಹೆಚ್ಚುಕಡಿಮೆ ಅದೇ ವಯಸ್ಸಿನ ಮಗುವಿನ ತೋಳಿಗೆ ಟೀಚರ್ ಅಳತೆಪಟ್ಟಿ ಸುತ್ತಿದರು. ಅದು ಹಳದಿ ಬಣ್ಣದಲ್ಲಿ, 12 ಸೆಂಟಿಮೀಟರಿಗೆ ನಿಂತಿತು. ಹಳದಿಯೆಂದರೆ ಮಗು ಸಾಧಾರಣ ಮಟ್ಟದ ಅಪೌಷ್ಟಿಕತೆಯಲ್ಲಿದೆ ಎಂದು, ಕೆಂಪಾದರೆ ತೀವ್ರ ಅಪೌಷ್ಟಿಕತೆ. ಕಬ್ಬಿಣಾಂಶದ ಸಿರಪ್ ಕೊಡುತ್ತಿದ್ದೀಯಾ ಎಂದು ಕೇಳಿದರೆ ಆ ತಾಯಿ, ‘ಕಕ್ಕ ಕಪ್ಪಗಾಯ್ತು ಟೀಚರ್, ಹೆದರಿ ನಿಲ್ಲಿಸ್ಬಿಟ್ಟೆ’ ಎಂದಳು. ಕಬ್ಬಿಣಾಂಶ ಹೊಟ್ಟೆಗೆ ಹೋದರೆ ಮಲ ಕಪ್ಪಾಗುವುದು ಸಹಜವೆಂದು ಬಾಟಲಿ ಕೊಟ್ಟ ದಿನವೇ ಯಾರಾದರೂ ಹೇಳಿದ್ದರೆ ಸಾಕಿತ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 58.6 ಇತ್ತು. ಬೆರಳ ತುದಿಯ ರಕ್ತದಿಂದ ಮಾಡಿದ ಲೆಕ್ಕ ಉತ್ಪ್ರೇಕ್ಷಿತವೆಂಬ ತಕರಾರು ತಜ್ಞರಲ್ಲಿದೆ, ಇರಲಿ. ರಕ್ತನಾಳದಿಂದಲೇ ರಕ್ತ ತೆಗೆದು ನೋಡಿದ 2016–18ರ ಪೌಷ್ಟಿಕತಾ ಸಮೀಕ್ಷೆಯಲ್ಲೂ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಶೇ 41ರ ಆಸುಪಾಸಿನಲ್ಲಿತ್ತು. ಮೊದಲು ಹೇಳಿದ ಕುಟುಂಬ ಸಮೀಕ್ಷೆಯ ಪ್ರಕಾರ, ಐದು ವರ್ಷದೊಳಗಿನವರಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ದೇಶದಲ್ಲಿ ಶೇ 35.5, ಕರ್ನಾಟಕದಲ್ಲಿ ಶೇ 35.4. ತಲಾ ಆದಾಯದ ಪಟ್ಟಿ ಹೊರಬಂದಾಗಲೆಲ್ಲ ಬೀಗುವ ನಾವು ಈ ಸಾಲನ್ನೂ ಓದಬೇಕು.

ಪೋಲಿಯೊವನ್ನು ಓಡಿಸಿದ ದೇಶ ಇದು. ಕೊನೆಯ ಪ್ರಕರಣ ಕಂಡದ್ದು 2011ರಲ್ಲಿ. ಆದರೆ ಹನಿ ಹಾಕಲು ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ಹೋದರೆ ಆಯಿತು, ಕೂಸಿಗೆ ದಿನಕ್ಕೆ ನಾಲ್ಕೈದು ಸಲ ಮಿದ್ದು ಉಣಿಸಲು ಮನೆಯಲ್ಲೊಬ್ಬರು ಇರಲೇಬೇಕು. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಮರ್ಪಕ ಆಹಾರ ಸಿಗುತ್ತಿರುವುದು ಶೇ 11.3ರಷ್ಟು ಮಂದಿಗೆ ಮಾತ್ರ ಎಂದು ಅದೇ ಕುಟುಂಬ ಸಮೀಕ್ಷೆ ಹೇಳುತ್ತದೆ. ಬೆಳವಣಿಗೆ ಕುಂಠಿತವಾಗುವುದು ಬಹುಪಾಲು ಈ ವಯಸ್ಸಿನಲ್ಲೇ. ನಾವು ಹೆಮ್ಮೆಪಡುವ ಕ್ಷೀರಭಾಗ್ಯದ ಹಾಲು, ಶಾಲೆಯ ಮೊಟ್ಟೆ ಎಲ್ಲವೂ ಮಗುವಿಗೆ ದಕ್ಕುವುದು ಆಮೇಲೆ. ಅವು ಬೇಡವೆಂದು ನಾನು ಹೇಳುತ್ತಿಲ್ಲ. ಶಾಲೆಯಲ್ಲಿ ಮೊಟ್ಟೆ ಕೊಡಬಾರದೆಂದು ನಡೆದ ಗದ್ದಲವನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಮೂರು ವರ್ಷದೊಳಗಿನ ಕೂಸಿಗೆ ಅಂಗನವಾಡಿಯಿಂದ ಸಿಗುವುದು ಮನೆಗೊಯ್ಯುವ ಆಹಾರದ ಪೊಟ್ಟಣವಷ್ಟೇ, ಅದನ್ನು ಎಷ್ಟೋ ಕಡೆ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುತ್ತಾರೆ.

ಹಾಗೆಂದು ತಾಯಂದಿರಿಗೆ ಪೌಷ್ಟಿಕತೆಯ ಪಾಠ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಕೂಸನ್ನು ನೋಡಿಕೊಳ್ಳುವ ಜಾಗ ಬೇಕು. ತೋಳಿನ ಅಳತೆ ಕೆಂಪಿಗಿಳಿದು ಕಾಯಿಲೆಯೂ ಜೊತೆಗೂಡಿದರೆ ಎರಡು ವಾರ ಅಪೌಷ್ಟಿಕ ಮಕ್ಕಳಿಗೆ ಚಿಕಿತ್ಸೆ ಕೊಡುವ ಪುನಶ್ಚೇತನ ಕೇಂದ್ರದಲ್ಲಿ ಉಳಿಯಿರಿ ಎನ್ನುತ್ತಾರೆ. ಮನೆಯಲ್ಲಿ ಇನ್ನೊಂದು ಮಗು, ಎರಡು ಮೇಕೆ ಇರುವವಳು ಹೇಗೆ ಉಳಿದಾಳು? ನರೇಗಾ ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಈ ದಿಕ್ಕಿನಲ್ಲಿ ನಾನು ಕಂಡ ಅತ್ಯಂತ ವಿವೇಕದ ಯೋಜನೆ. ಅದು ನಾಟಿಗೆ, ಕಳೆಗೆ, ಇಟ್ಟಿಗೆ ಗೂಡಿಗೆ ಹೋಗುವ ಎಲ್ಲ ತಾಯಂದಿರಿಗೂ, ಅವರು ಹೊರಡುವ ಹೊತ್ತಿಗೇ ಬಾಗಿಲು ತೆರೆಯುವಂತಾಗಬೇಕು.

ಟೀಚರ್ ಆ ತಾಯಿಗೆ ಸಿರಪ್ಪಿನ ವಿಷಯವನ್ನು ನಿಧಾನವಾಗಿ ಬಿಡಿಸಿ ಹೇಳಿ, ಹದಿನೈದು ದಿನ ಬಿಟ್ಟು ಮಗುವನ್ನು ಮತ್ತೆ ಕರೆತರಲು ತಿಳಿಸಿದರು. ‘ನಾಟಿ ಶುರುವಾಗುತ್ತಲ್ಲ ಟೀಚರ್, ಅತ್ತೆ ಕೈಲಿ ಕಳಿಸ್ತೀನಿ’ ಎಂದು ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡಳು.