ಅಮೆರಿಕದ ಕೀಪರ್ ಅಂದ್ರೆ ಬರೀ ಎರಡು ಕೈ ಅಲ್ಲ ಮಾರಾಯ್ರೆ

ಅಮೆರಿಕದ ಫುಟ್‌ಬಾಲ್ ಗೋಲ್‌ಕೀಪರ್ ಟಿಮ್ ಹೋವರ್ಡ್‌ನ ಆ ರೀಲ್ ಮತ್ತೆ ಎಲ್ಲರ ಗೋಡೆ ಮೇಲೂ ಬಂದಿದೆ. 2014ರ ಜುಲೈ 1, ಬ್ರೆಜಿಲ್‌ನ ಸಾಲ್ವಡೋರ್, ವಿಶ್ವಕಪ್ ಪಂದ್ಯ, ಎದುರಿಗೆ ಬೆಲ್ಜಿಯಂ. ಚೆಂಡು ಬರ್ತಾನೇ ಇದೆ, ಆ ಗಡ್ಡದ ಮನುಷ್ಯ ತಡೀತಾನೇ ಇದ್ದಾನೆ. ಅಂದು 16 ಸೇವ್ ಎಂದು ಎಣಿಸಿದರು, ಆಮೇಲೆ ಒಂದು ಕಳೆದು 15 ಮಾಡಿದರು. ಇರಲಿ. ನೋಡಿ ಖುಷಿಪಡಿ, ನನ್ನದೇನೂ ತಕರಾರಿಲ್ಲ. ತಲೆ ಕೆಟ್ಟದ್ದು ಕೆಳಗಿನ ಕಾಮೆಂಟು ಓದಿ. "ಅವರು ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವರು ಗುರು, ಕೈ ಗಟ್ಟಿ, ಅದಕ್ಕೇ ಅಮೆರಿಕದಿಂದ ಒಳ್ಳೊಳ್ಳೆ ಕೀಪರ್ ಬರ್ತಾರೆ." ಅದರ ಕೆಳಗೆ ಹೃದಯಗಳ ರಾಶಿ.

ಸ್ವಾಮಿ, ಆ ಪಂದ್ಯವನ್ನಾದರೂ ಶುರುವಿಂದ ನೋಡಿದ್ದೀರಾ? ಒಂದು ನಿಮಿಷವೂ ಆಗಿರಲಿಲ್ಲ, ಬೆಲ್ಜಿಯಂನ ಒರಿಗಿ ನುಗ್ಗಿ ಬಂದು ಹೊಡೆದ. ಹೋವರ್ಡ್ ತಡೆದದ್ದು ಕಾಲಲ್ಲಿ. ಹೌದು, ಕಾಲಲ್ಲಿ!

ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಪೆನಾಲ್ಟಿ ಜಾಗದಿಂದ, ಅಂದರೆ 11 ಮೀಟರ್‌ನಿಂದ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟ ಚೆಂಡು ಗೆರೆ ಮುಟ್ಟಲು ಸುಮಾರು 0.4 ಸೆಕೆಂಡ್ ಸಾಕು. ಇಷ್ಟರಲ್ಲಿ ಅಷ್ಟಗಲ ಜಾಗವನ್ನು ಯಾರ ಕೈಯೂ ಕಾಯುವುದಿಲ್ಲ, ನಿಂತ ಜಾಗ ಕಾಯುತ್ತದೆ. ಚೆಂಡಿನಿಂದ ಗೋಲಿನ ನಟ್ಟನಡುವಿಗೆ ಗೆರೆ ಎಳೆದರೆ ಆ ಗೆರೆಯ ಮೇಲೆ ಕೀಪರ್ ಇರಬೇಕು. ಚೆಂಡು ಸರಿದಂತೆ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಾನೂ ಸರಿಯಬೇಕು, ಕಾಲಿಗೆ ಕಾಲು ಅಡ್ಡ ಬರಬಾರದು. ಎದುರಿನವನು ಒದೆಯುವ ಕ್ಷಣಕ್ಕೆ ಎರಡೂ ಪಾದ ನೆಲದ ಮೇಲೆ, ಭಾರವೆಲ್ಲ ಮುಂಗಾಲಿಗೆ. ಆ ಕ್ಷಣದಲ್ಲಿ ಒಂದು ಪಾದ ಗಾಳಿಯಲ್ಲಿದ್ದರೆ ಕಥೆ ಮುಗಿಯಿತು. ಅದು ಇಳಿದು, ಮತ್ತೆ ನೆಲ ಒತ್ತಿ ಚಿಮ್ಮುವ ಹೊತ್ತಿಗೆ ಚೆಂಡು ಬಲೆಯಲ್ಲಿರುತ್ತದೆ. ನೋಡುವವರು "ಅಯ್ಯೋ, ಕೈ ಸಿಗಲಿಲ್ಲ" ಅನ್ನುತ್ತಾರೆ. ಕೈ ಸಿಗದೇ ಇದ್ದದ್ದು ಕಾಲಿನ ತಪ್ಪಿಗೆ.

ಬ್ಯಾಸ್ಕೆಟ್‌ಬಾಲ್ ವಾದದಲ್ಲಿ ಹುರುಳೇ ಇಲ್ಲವಾ? ಇದೆ, ಒಂದು ಚಿಟಿಕೆ. ಹೋವರ್ಡ್ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನು, ಅಮೆರಿಕದ ಇನ್ನೊಬ್ಬ ಕೀಪರ್ ಬ್ರಾಡ್ ಫ್ರೀಡೆಲ್ ಕೂಡ. ಕ್ರಾಸ್ (ಬದಿಯಿಂದ ಗೋಲಿನ ಮುಂದಕ್ಕೆ ಎತ್ತಿ ಒದ್ದ ಚೆಂಡು) ಬಂದಾಗ ಒಂದು ಕಾಲಲ್ಲಿ ಚಿಮ್ಮಿ, ಇನ್ನೊಂದು ಮಂಡಿ ಎತ್ತಿ, ಚೆಂಡನ್ನು ಅತಿ ಎತ್ತರದಲ್ಲಿ ಹಿಡಿಯುವ ಸಮಯಪ್ರಜ್ಞೆಗೆ ಅದು ನೆರವಾಗಬಹುದು. ಅಲ್ಲಿಗೆ ಚಿಟಿಕೆ ಮುಗೀತು. ಆಟದ ಹೆಸರಲ್ಲೇ ಕೈ ಗಟ್ಟಿಯಾಗುವುದಾದರೆ, ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದ ದ್ರಾವಿಡ್ ಊರಿನಿಂದ ಇಂಗ್ಲೆಂಡಿಗೆ ವರ್ಷಕ್ಕೊಬ್ಬ ಕೀಪರ್ ರಫ್ತಾಗಬೇಕಿತ್ತು. (ಒಂದು ಕಾಲಕ್ಕೆ ನಾನೂ ಈ ಬ್ಯಾಸ್ಕೆಟ್‌ಬಾಲ್ ಥಿಯರಿಯನ್ನು ಗತ್ತಿನಿಂದ ಹೇಳಿದವನೇ. ಹಳೇ ಪೋಸ್ಟು ಹುಡುಕಿ ತರಬೇಡಿ, ಮೊದಲೇ ಒಪ್ಪಿಕೊಂಡಿದ್ದೇನೆ.)

ಕೈ ಬಿಡಿ, ಕಾಗದಕ್ಕೆ ಬನ್ನಿ. ಅಮೆರಿಕದ ಕೀಪರ್ ಯುರೋಪಿನಲ್ಲಿ ಗೆದ್ದನೋ ಸೋತನೋ ಅನ್ನುವುದನ್ನು ಬಹಳ ಸಲ ನಿರ್ಧರಿಸಿದ್ದು ವರ್ಕ್ ಪರ್ಮಿಟ್ ಕೊಡುವ ಮೇಜು. ಫ್ರೀಡೆಲ್‌ನನ್ನೇ ನೋಡಿ. ಒಹಾಯೊದ ಹುಡುಗ, 1992ರಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ದೊಡ್ಡ ಪ್ರಶಸ್ತಿ ಹರ್ಮನ್ ಟ್ರೋಫಿ ಕೈಯಲ್ಲಿ. ಇಂಗ್ಲೆಂಡಿನ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಬಾ ಅಂದಿತು, ಪರ್ಮಿಟ್ ಇಲ್ಲ. ನ್ಯೂಕ್ಯಾಸಲ್ ಜೊತೆ ಅಭ್ಯಾಸ ಮಾಡಿದ, ಪರ್ಮಿಟ್ ಇಲ್ಲ. 1995ರಲ್ಲಿ ಸಂಡರ್‌ಲ್ಯಾಂಡ್ ಕೇಳಿತು, ಆಗಲೂ ಇಲ್ಲ. ನಡುವೆ ಡೆನ್ಮಾರ್ಕಿನ ಬ್ರಾಂಡ್ಬಿ ಕ್ಲಬ್ಬಿನಲ್ಲಿ ಸಾಲದ ಮೇಲೆ, ಅಂದರೆ ಎರವಲು ಆಟಗಾರನಾಗಿ, ಬೆಂಚು ಕಾದ. ಮೂರು ಸಲ ಬಾಗಿಲು ತಟ್ಟಿ ಮೂರು ಸಲ ವಾಪಸ್. ಆ ವರ್ಷಗಳಲ್ಲಿ ಅವನ ಕೈ ಏನು ಸಣ್ಣದಿತ್ತೇ?

ಕೊನೆಗೆ ಟರ್ಕಿಯ ಕ್ಲಬ್ ಗಲಾಟಸರಾಯ್. ಅಲ್ಲಿ ಕೋಚ್ ಗ್ರೇಮ್ ಸೌನೆಸ್. 1996ರ ಟರ್ಕಿಶ್ ಕಪ್ ಗೆದ್ದರು. ಸೌನೆಸ್ ಎಂಬ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಅಲ್ಲಿಂದ ಊರಿಗೆ ಮರಳಿ ಕೊಲಂಬಸ್ ಕ್ರೂ ಸೇರಿದ, 1997ರಲ್ಲಿ ಅಮೆರಿಕದ ಲೀಗ್ ಎಂಎಲ್‌ಎಸ್‌ನ ವರ್ಷದ ಕೀಪರ್ ಆದ. ಆ ಡಿಸೆಂಬರಿನಲ್ಲಿ ಲಿವರ್‌ಪೂಲ್‌ಗಾಗಿ ಪರ್ಮಿಟ್ ಸಿಕ್ಕಿತು. ಸಿಕ್ಕಿ ಏನಾಯಿತು? ಮೂರು ವರ್ಷದಲ್ಲಿ ಲೀಗ್ ಪಂದ್ಯ 25. ಗೋಲಿನಲ್ಲಿ ನಿಂತವರು ಮೊದಲು ಡೇವಿಡ್ ಜೇಮ್ಸ್, ಆಮೇಲೆ ವೆಸ್ಟರ್‌ವೆಲ್ಡ್. ಬೇರೆ ಯಾರೇ ಆಗಿದ್ದರೂ 29ನೇ ವಯಸ್ಸಿಗೆ ಗಂಟುಮೂಟೆ ಕಟ್ಟುತ್ತಿದ್ದರು.

2000ದ ನವೆಂಬರಿನಲ್ಲಿ ಇಂಗ್ಲೆಂಡಿನದೇ ಬ್ಲ್ಯಾಕ್‌ಬರ್ನ್ ಕ್ಲಬ್ ಕರೆಯಿತು. ಮ್ಯಾನೇಜರ್ ಯಾರು? ಅದೇ ಸೌನೆಸ್. ಪರದೇಶದಲ್ಲಿ ಕೀಪರ್ ಬಾಳ್ವೆ ನಡೆಯುವುದು ಹೀಗೆ. ಸ್ಟ್ರೈಕರ್‌ಗೆ ಹತ್ತು ನಿಮಿಷ ಕೊಟ್ಟು ನೋಡಬಹುದು, ವಿಂಗರ್‌ಗೆ ಇಪ್ಪತ್ತು. ಕೀಪರ್‌ನನ್ನು ಹಾಗೆ ರುಚಿ ನೋಡಲು ಆಗುವುದಿಲ್ಲ. ಮೊದಲನೆಯವನಿಗೆ ಪೆಟ್ಟಾಗಬೇಕು, ಇಲ್ಲ ಕೆಂಪು ಕಾರ್ಡ್ ಬೀಳಬೇಕು, ಇಲ್ಲ ಕಪ್ ಪಂದ್ಯ ಬರಬೇಕು. ಹಾಗಾಗಿ ಈ ಮನುಷ್ಯನನ್ನು ಹಿಂದೆ ಕಣ್ಣಾರೆ ಕಂಡು ನಂಬಿದ ಒಬ್ಬ ಕೋಚ್ ಎಲ್ಲೋ ಇರಬೇಕು. ಬ್ಲ್ಯಾಕ್‌ಬರ್ನ್ 2001ರಲ್ಲಿ ಇಂಗ್ಲೆಂಡಿನ ಮೇಲ್ದರ್ಜೆಯ ಪ್ರೀಮಿಯರ್ ಲೀಗ್‌ಗೆ ಏರಿತು. 2002ರಲ್ಲಿ ಕಾರ್ಡಿಫ್‌ನಲ್ಲಿ ಟಾಟನ್‌ಹ್ಯಾಮ್ ಎದುರು 2-1ರಿಂದ ಲೀಗ್ ಕಪ್ ಗೆದ್ದಿತು, ಫೈನಲ್‌ನ ಪಂದ್ಯಪುರುಷ ಫ್ರೀಡೆಲ್. ಅದೇ ವರ್ಷದ ವಿಶ್ವಕಪ್‌ನಲ್ಲಿ ಕೊರಿಯಾ ಎದುರು ಒಂದು, ಪೋಲೆಂಡ್ ಎದುರು ಒಂದು ಪೆನಾಲ್ಟಿ ತಡೆದ.

ಈಗ ರೀಲ್‌ಗೆ ಸಿಗದ ಲೆಕ್ಕ. 2004ರ ಆಗಸ್ಟಿನಿಂದ 2012ರ ಸೆಪ್ಟೆಂಬರ್‌ವರೆಗೆ ಫ್ರೀಡೆಲ್ ಒಂದೂ ಲೀಗ್ ಪಂದ್ಯ ತಪ್ಪಿಸಲಿಲ್ಲ. ಬ್ಲ್ಯಾಕ್‌ಬರ್ನ್‌ನಲ್ಲಿ ನಾಲ್ಕು ಸೀಸನ್, 152. ಆಸ್ಟನ್ ವಿಲಾದಲ್ಲಿ ಮೂರು, 114. ಟಾಟನ್‌ಹ್ಯಾಮ್‌ನಲ್ಲಿ ಒಂದು ಸೀಸನ್ನು ಪೂರ್ತಿ, ಮುಂದಿನದರಲ್ಲಿ ಆರು, ಒಟ್ಟು 44. ಕೂಡಿಸಿ: 310. ಸತತವಾಗಿ, 33ರಿಂದ 41ರ ವಯಸ್ಸಿನ ನಡುವೆ. 2009ರಲ್ಲಿ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಆ ತಂಡದ ಟೊರೆಸ್‌ನನ್ನು ಕೆಡವಿದ್ದಕ್ಕೆ ಕೆಂಪು ಕಾರ್ಡ್ ಬಿದ್ದು ಈ ಸರಪಳಿ ಕಡಿಯುವುದರಲ್ಲಿತ್ತು, ಮೇಲ್ಮನವಿಯಲ್ಲಿ ಕಾರ್ಡ್ ರದ್ದಾಗಿ ಉಳಿಯಿತು. ಬೆರಳು, ಭುಜ, ಸೊಂಟ ಎಲ್ಲವನ್ನೂ ನೆಲಕ್ಕೆ ಬಡಿಯುವುದೇ ಕೆಲಸವಾದವನು ಎಂಟು ವರ್ಷ ಒಂದು ವಾರವೂ ರಜೆ ಹಾಕದಿರಲು ಬೀಳುವ ಕಲೆ ಬೇಕು. ಮೊಣಕೈ ಊರಿ ಬೀಳಬಾರದು. ಮೊದಲು ಹೊರಮೀನಖಂಡ, ಆಮೇಲೆ ತೊಡೆಯ ಪಕ್ಕ, ಸೊಂಟದ ಬದಿ, ಭುಜದ ಹಿಂಭಾಗ, ಹೀಗೆ ಸಾಲಾಗಿ ನೆಲ ಮುಟ್ಟಬೇಕು. ಇದರಲ್ಲಿ ಲೈಕ್ ಒತ್ತುವಂಥದ್ದು ಏನಿದೆ, ಹೇಳಿ.

ಅದೂ ಅಲ್ಲದೆ, ಅಪ್ಪಟ ಕೈಯ ತಪ್ಪು ನೋಡಬೇಕಾ? ಅದೂ ನಿಮ್ಮ ರೀಲ್ ಹೀರೋದ್ದೇ. 2004ರ ಮಾರ್ಚ್ 9, ಮ್ಯಾಂಚೆಸ್ಟರ್ ಯುನೈಟೆಡ್ ಗೋಲಿನಲ್ಲಿ ಹೋವರ್ಡ್, ಎದುರಿಗೆ ಪೋರ್ಚುಗಲ್‌ನ ಪೋರ್ಟೊ, ಕೊನೆಯ ನಿಮಿಷ. ಪೋರ್ಟೊದ ಮೆಕಾರ್ಥಿಯ ಫ್ರೀಕಿಕ್ಕನ್ನು ಹೋವರ್ಡ್ ತಡೆದ, ಆದರೆ ಚೆಂಡು ಪಕ್ಕಕ್ಕೆ ಹೋಗಲಿಲ್ಲ, ಮುಂದಕ್ಕೆ ಬಿತ್ತು. ಕೊಸ್ಟಿನ್ಯಾ ಓಡಿ ಬಂದು ಒಳಗೆ ಹಾಕಿದ. ಹಿಡಿಯಲಾಗದ ಚೆಂಡನ್ನು ಅಂಗೈಯ ಬುಡದಿಂದ, ಮಣಿಕಟ್ಟು ಬಿಗಿಹಿಡಿದು, ಕಂಬದ ಆಚೆಗೆ ತಳ್ಳಬೇಕು. ಬೆರಳು ಸಡಿಲಾದರೆ ಅದು ಮುಂದೆ ನಿಂತವನ ಕಾಲಿಗೇ ಊಟ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಆ ಸೀಸನ್ನಿನಲ್ಲಿ ಆಟಗಾರರ ಸಂಘ ಪಿಎಫ್‌ಎಯ ವರ್ಷದ ತಂಡಕ್ಕೆ ಆಯ್ಕೆಯಾದ ಕೀಪರ್ ಇವನೇ, 2005ರಲ್ಲಿ ಇನ್ನೊಬ್ಬ ಕೀಪರ್ ವ್ಯಾನ್ ಡರ್ ಸಾರ್ ಬಂದ ಮೇಲೆ ಜಾಗ ಹೋಯಿತು. ಆಮೇಲೆ ಎವರ್ಟನ್‌ಗೆ ಹೋಗಿ 414 ಪಂದ್ಯ ಆಡಿದ. ಬೆಲ್ಜಿಯಂ ಎದುರಿನ ಆ ರಾತ್ರಿ ಬಂದದ್ದು ಈ 414ರ ಒಳಗಿಂದಲೇ.

(ಪಕ್ಕದ ಮಾತು: ಪ್ರೀಮಿಯರ್ ಲೀಗ್‌ನಲ್ಲಿ ಗೋಲು ಹೊಡೆದ ಬೆರಳೆಣಿಕೆಯ ಕೀಪರ್‌ಗಳಲ್ಲಿ ಇಬ್ಬರು ಅಮೆರಿಕನ್ನರು. 2004ರಲ್ಲಿ ಚಾರ್ಲ್ಟನ್ ಎದುರು ಫ್ರೀಡೆಲ್, 2012ರಲ್ಲಿ ಬೋಲ್ಟನ್ ಎದುರು ಹೋವರ್ಡ್. ಇಬ್ಬರ ತಂಡವೂ ಆ ಪಂದ್ಯ ಸೋತಿತು. ಇದಕ್ಕೂ ಬ್ಯಾಸ್ಕೆಟ್‌ಬಾಲೇ ಕಾರಣ ಇರಬೇಕು.)

ಕೈ ಕೈ ಅನ್ನುವವರಿಗೆ ಇನ್ನೊಂದು ವರ್ಷ ಹೇಳುತ್ತೇನೆ: 1992. ಜೊತೆಗಾರ ಕಾಲಿನಿಂದ ಬೇಕಂತಲೇ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟಬಾರದೆಂಬ ನಿಯಮ ಬಂದ ವರ್ಷ. ಅಂದಿನಿಂದ ಈ ಕೆಲಸ ಮೆಲ್ಲಮೆಲ್ಲಗೆ ಕಾಲಿಗೆ ಇಳಿಯುತ್ತಾ ಬಂದಿದೆ. ಈಗ ಅಂಥ ಬ್ಯಾಕ್‌ಪಾಸ್ ಬರುವ ಮೊದಲೇ ಎರಡೂ ಕಡೆ ಕಣ್ಣು ಹಾಯಿಸಿರಬೇಕು, ಮೈ ಅರ್ಧ ತಿರುಗಿಸಿ ನಿಲ್ಲಬೇಕು, ಮೊದಲ ಸ್ಪರ್ಶದಲ್ಲೇ ಚೆಂಡು ಒತ್ತಿ ಬರುವವನಿಂದ ದೂರ ಸರಿಯಬೇಕು. ಸ್ಪರ್ಶ ಒಂದು ಹೆಚ್ಚಾದರೆ ಏನಾಗುತ್ತದೆ ಅನ್ನುವುದಕ್ಕೆ 2022ರ ಏಪ್ರಿಲ್ 16ರ ವೆಂಬ್ಲಿ ಇದೆ. ಎಫ್‌ಎ ಕಪ್ ಸೆಮಿಫೈನಲ್, ಮ್ಯಾಂಚೆಸ್ಟರ್ ಸಿಟಿ ಗೋಲಿನಲ್ಲಿ ಅಮೆರಿಕದ ಝ್ಯಾಕ್ ಸ್ಟೆಫೆನ್. ಬ್ಯಾಕ್‌ಪಾಸ್ ತೆಗೆದುಕೊಂಡು ಒಂದು ಗಳಿಗೆ ತಡ ಮಾಡಿದ. ಲಿವರ್‌ಪೂಲ್‌ನ ಮಾನೆ ಜಾರಿ ಬಂದು ಚೆಂಡನ್ನೂ ಕಾಲನ್ನೂ ಒಟ್ಟಿಗೆ ಗೋಲಿನೊಳಗೆ ತಂದ. ಸಿಟಿ 3-2ರಿಂದ ಸೋತಿತು. ಅಲ್ಲಿ ಕೈ ಎಷ್ಟು ಗಟ್ಟಿ ಇದ್ದು ಏನು ಬಂತು?

ಅಮೆರಿಕದ ಮತ್ತೊಬ್ಬ ಕೀಪರ್ ಮ್ಯಾಟ್ ಟರ್ನರ್ ಕಥೆ ನನಗೆ ನಿಜಕ್ಕೂ ಸಂಕಟ ತರುತ್ತದೆ. ಎಂಎಲ್‌ಎಸ್ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ, ನ್ಯೂ ಇಂಗ್ಲೆಂಡ್ ರೆವಲ್ಯೂಶನ್ ಸೇರಿ 2021ರಲ್ಲಿ ಎಂಎಲ್‌ಎಸ್‌ನ ವರ್ಷದ ಕೀಪರ್. ಗೆರೆಯ ಮೇಲೆ ನಿಂತು ಹೊಡೆತ ತಡೆಯುವುದರಲ್ಲಿ ಎತ್ತಿದ ಕೈ. 2022ರಲ್ಲಿ ಆರ್ಸೆನಲ್: ಒಟ್ಟು 7 ಪಂದ್ಯ, ಪ್ರೀಮಿಯರ್ ಲೀಗ್‌ನಲ್ಲಿ ಒಂದು ನಿಮಿಷವೂ ಇಲ್ಲ. ಆಮೇಲೆ ಫಾರೆಸ್ಟ್: 17 ಲೀಗ್ ಪಂದ್ಯ, ಜಾಗ ಹೋಯಿತು. ಆಮೇಲೆ ಸಾಲದ ಮೇಲೆ ಕ್ರಿಸ್ಟಲ್ ಪ್ಯಾಲೆಸ್. 2025ರಲ್ಲಿ ಫ್ರಾನ್ಸಿನ ಲಿಯೋನ್ ಕೊಂಡಿತು, ಕೊಂಡು ಮತ್ತೆ ನ್ಯೂ ಇಂಗ್ಲೆಂಡಿಗೇ ಸಾಲ ಕೊಟ್ಟಿತು. ಬೆಂಚಿನಲ್ಲಿದ್ದರೂ ದಿನಾ ಅಭ್ಯಾಸ ಇರುತ್ತದಲ್ಲ ಅನ್ನಬಹುದು. ಇರುತ್ತದೆ, ಹೊಡೆತ ಬೇಕಾದಷ್ಟು ಬರುತ್ತವೆ. ಬರದೇ ಇರುವುದು ತೀರ್ಮಾನ. ಎಂಟು ಜನರ ಗುಂಪಿನ ನಡುವೆ ಬಿದ್ದ ಕ್ರಾಸ್‌ಗೆ ಹೊರಡಬೇಕೋ ಬೇಡವೋ ಅನ್ನುವ ಆ ಅರ್ಧ ಸೆಕೆಂಡನ್ನು ಯಾವ ಅಭ್ಯಾಸದಲ್ಲೂ ಹುಟ್ಟಿಸಲಾಗುವುದಿಲ್ಲ. ಹೊರಟು ಅರ್ಧಕ್ಕೆ ನಿಂತವನಷ್ಟು ಕೆಟ್ಟವನು ಯಾರೂ ಇಲ್ಲ.

ಬೆಂಗಳೂರಿನವರಿಗೆ ಇದು ಗೊತ್ತಿರಬೇಕಿತ್ತು. ಕಂಠೀರವದಲ್ಲಿ ನಾವು ಕೂಗಿ ಕರೆಯುವ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ಬಿಗೆ ಹೋದಾಗ ಅಲ್ಲಿ ಕೋಚ್ ಆಗಿದ್ದವರು ಅಮೆರಿಕದ ಬಾಬ್ ಬ್ರಾಡ್ಲಿ, 2010ರ ವಿಶ್ವಕಪ್‌ನಲ್ಲಿ ಹೋವರ್ಡ್‌ನನ್ನು ಗೋಲಿನಲ್ಲಿ ನಿಲ್ಲಿಸಿದವರೇ. ಯುರೋಪಿನ ಕ್ಲಬ್‌ಗಳ ಟೂರ್ನಿ ಯೂರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಎಂಬ ಹೆಸರು ಬಂದದ್ದು 2016ರಲ್ಲಿ. ನಡುವಿನ ಹೊತ್ತಿನಲ್ಲಿ ಬಹುಪಾಲು ಬೆಂಚು. ಆ ಕಾಯುವಿಕೆಗೆ ಯಾರೂ ಎಡಿಟ್ ಮಾಡಿ ಹಾಡು ಹಾಕಲಿಲ್ಲ.

ಫ್ರೀಡೆಲ್‌ನ ಸರಪಳಿ ಮುಗಿದದ್ದು 2012ರ ಅಕ್ಟೋಬರ್ 7ರಂದು. ಟಾಟನ್‌ಹ್ಯಾಮ್ ಗೋಲಿನಲ್ಲಿ ಹ್ಯೂಗೊ ಲೋರಿಸ್ ನಿಂತ, ಎದುರಾಳಿ ಫ್ರೀಡೆಲ್‌ನ ಹಳೆಯ ತಂಡ ವಿಲಾ. ಮರುವರ್ಷ ನವೆಂಬರಿನಲ್ಲಿ ಲೋರಿಸ್ ತಲೆಗೆ ಪೆಟ್ಟು ಮಾಡಿಕೊಂಡಾಗ ಮತ್ತೆ ಕರೆ ಬಂತು. ನ್ಯೂಕ್ಯಾಸಲ್ ಎದುರು, ಹಿಂದೊಮ್ಮೆ ಪರ್ಮಿಟ್ ಸಿಗದೆ ಸೇರಲಾಗದ ಅದೇ ನ್ಯೂಕ್ಯಾಸಲ್, 42 ವರ್ಷದ ಮನುಷ್ಯ ಗ್ಲೌಸ್ ಹಾಕಿ ನಿಂತ. 1-0, ಸೋಲು. ಆ ಪಂದ್ಯದ ರೀಲ್ ಹುಡುಕಿ ನೋಡಿ, ಸಿಕ್ಕರೆ ಅದರಲ್ಲಿರುವುದು ಆಚೆ ಗೋಲಿನಲ್ಲಿದ್ದ ಟಿಮ್ ಕ್ರುಲ್‌ನ ಸೇವ್‌ಗಳು.