ಭಗತ್ ಸಿಂಗ್ ದೇವರನ್ನು ಬಿಟ್ಟ ದಾರಿ

ಭಗತ್ ಸಿಂಗ್ ನಾಸ್ತಿಕರಾಗಿದ್ದರು ಎಂಬುದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಆದರೆ ಆ ಮಾತು ಬಳಕೆಯಾಗುವ ರೀತಿ ನೋಡಿದರೆ ಸಂಕಟವಾಗುತ್ತದೆ. ಕೆಲವರು ಅದನ್ನು ಆಸ್ತಿಕರನ್ನು ಹೀಯಾಳಿಸಲು ಬಳಸುತ್ತಾರೆ. ಇನ್ನು ಕೆಲವರು ಜೈಲಿನ ಹತಾಶೆಯಲ್ಲಿ ಹುಡುಗ ಬರೆದದ್ದು ಎಂದು ತಳ್ಳಿಹಾಕುತ್ತಾರೆ. 'ನಾನೇಕೆ ನಾಸ್ತಿಕ' ಲೇಖನವನ್ನು ಪೂರ್ತಿ ಓದಿದವರು ಎರಡನ್ನೂ ಹೇಳಲಾರರು.

ಲೇಖನ ಬರೆದದ್ದು 1930ರ ಅಕ್ಟೋಬರ್ ಆರಂಭದಲ್ಲಿ, ಲಾಹೋರ್ ಸೆಂಟ್ರಲ್ ಜೈಲಿನಲ್ಲಿ. ಇನ್ನೊಂದು ವಾರದೊಳಗೆ ತೀರ್ಪು ಬರುತ್ತದೆ, ಅದೇನೆಂದೂ ಗೊತ್ತಿದೆ ಎಂದು ಅವರೇ ಅದರಲ್ಲಿ ಹೇಳುತ್ತಾರೆ. ಅಕ್ಟೋಬರ್ 7ರಂದು ಗಲ್ಲುಶಿಕ್ಷೆ ಪ್ರಕಟವಾಯಿತು. ಆದರೆ ದೇವರಿಲ್ಲ ಎಂಬ ತೀರ್ಮಾನ ಅವರಲ್ಲಿ ಗಟ್ಟಿಯಾದದ್ದು 1926ರ ಕೊನೆಯ ಹೊತ್ತಿಗೆ. ಆಗ ವಯಸ್ಸು 19, ಇನ್ನೂ ಒಮ್ಮೆಯೂ ಬಂಧನವಾಗಿರಲಿಲ್ಲ. ಹತಾಶೆಯ ವಾದ ಇಲ್ಲೇ ಬಿದ್ದುಹೋಗುತ್ತದೆ.

ಅದಕ್ಕೂ ಹಿಂದಿನ ವರ್ಷಗಳು ಇನ್ನೂ ಮುಖ್ಯ. ತಾತ ಅರ್ಜುನ್ ಸಿಂಗ್ ಕಟ್ಟಾ ಆರ್ಯಸಮಾಜಿ. ಲಾಹೋರಿನ ಡಿಎವಿ ಶಾಲೆಯ ಹಾಸ್ಟೆಲಿನಲ್ಲಿ ಹುಡುಗ ಎರಡು ಹೊತ್ತು ಪ್ರಾರ್ಥನೆ ಮಾಡುವುದಲ್ಲದೆ ಗಂಟೆಗಟ್ಟಲೆ ಗಾಯತ್ರಿ ಜಪಿಸುತ್ತಿದ್ದ. ನ್ಯಾಷನಲ್ ಕಾಲೇಜಿಗೆ ಬಂದ ಮೇಲೆ ಪ್ರಶ್ನೆಗಳು ಶುರುವಾದವು, ನಂಬಿಕೆ ಮಾತ್ರ ಹೋಗಲಿಲ್ಲ. ಕೇಶ ಬಿಡತೊಡಗಿದ್ದೂ ಆ ಕಾಲದಲ್ಲೇ. ಸಿಖ್ ಧರ್ಮದ್ದಾಗಲಿ ಬೇರೆ ಧರ್ಮದ್ದಾಗಲಿ, ಪುರಾಣ ಸಿದ್ಧಾಂತಗಳನ್ನು ನಂಬಲು ಆಗಲಿಲ್ಲ, ದೇವರಿದ್ದಾನೆ ಎಂಬುದರಲ್ಲಿ ಅನುಮಾನವಿರಲಿಲ್ಲ ಎಂದು ಬರೆಯುತ್ತಾರೆ. 1927ರಲ್ಲಿ ಪೊಲೀಸ್ ವಶದಲ್ಲಿದ್ದಾಗ ತೆಗೆದ, ಮಂಚದ ಮೇಲೆ ಕೂದಲು ಗಂಟು ಹಾಕಿಕೊಂಡು ಕುಳಿತ ಫೋಟೋ ಇದೆಯಲ್ಲ, ಅದರಲ್ಲಿರುವ ಯುವಕ ಆಗಲೇ ನಾಸ್ತಿಕ. ಪೇಟ ಹಾಕಬೇಕೋ ಹ್ಯಾಟ್ ಹಾಕಬೇಕೋ ಎಂದು ಅವರ ಚಿತ್ರದ ಮೇಲೆ ಜಗಳವಾಡುವವರು ಇದನ್ನು ಗಮನಿಸಬೇಕು. ವೇಷದಿಂದ ಅವರ ನಂಬಿಕೆ ತಿಳಿಯುವುದಿಲ್ಲ.

ನಂಬಿಕೆ ಕಳಚಿದ್ದು ಓದಿನಿಂದ. ಕ್ರಾಂತಿಕಾರಿಗಳು ರೈಲು ತಡೆದು ಸರ್ಕಾರಿ ಹಣ ದೋಚಿದ 1925ರ ಕಾಕೋರಿ ಪ್ರಕರಣದ ನಂತರ ಹಿರಿಯರೆಲ್ಲ ಜೈಲು ಸೇರಿ ಅವರ ಸಂಘಟನೆಯ ಭಾರ ಕಿರಿಯರ ಹೆಗಲಿಗೆ ಬಿತ್ತು. ಎದುರಾಳಿಯ ವಾದಕ್ಕೆ ಉತ್ತರ ಕೊಡಬೇಕಾದರೆ ಓದಲೇಬೇಕು ಎನ್ನಿಸಿತು. ಅರಾಜಕತಾವಾದಿ ಬಕುನಿನ್, ಸ್ವಲ್ಪ ಮಾರ್ಕ್ಸ್, ಹೆಚ್ಚಾಗಿ ಲೆನಿನ್ ಮತ್ತು ಟ್ರಾಟ್‌ಸ್ಕಿ. 'ಸ್ವಲ್ಪ' ಎಂದು ಅವರೇ ಬರೆದಿರುವುದರಿಂದ ಅವರ ಪ್ರಾಮಾಣಿಕತೆಯ ಮೇಲೆ ನನಗೆ ಇನ್ನಷ್ಟು ಗೌರವ.

1927ರ ಮೇ ತಿಂಗಳಲ್ಲಿ ಮೊದಲ ಬಂಧನವಾದಾಗ ಪೊಲೀಸರು ಗಲ್ಲಿನ ಬೆದರಿಕೆ ಹಾಕಿದರು, ದೇವರನ್ನು ಎರಡು ಹೊತ್ತು ಪ್ರಾರ್ಥಿಸು ಎಂದು ಒತ್ತಾಯಿಸಿದರು. ಸುಖವಾಗಿದ್ದಾಗ ಮಾತ್ರ ನಾಸ್ತಿಕನೋ, ಕಷ್ಟದಲ್ಲೂ ಹಾಗೇ ಇರಬಲ್ಲೆನೋ ಎಂದು ತನ್ನನ್ನು ತಾನೇ ಪರೀಕ್ಷಿಸಿಕೊಂಡರು. ಪ್ರಾರ್ಥಿಸಲಿಲ್ಲ. ದೇವರಿದ್ದರೆ ಮನುಷ್ಯನಿಗೆ ದೊಡ್ಡ ಸಮಾಧಾನ, ಆಸರೆ ಸಿಗುತ್ತದೆ ಎಂದು ಅವರು ಒಪ್ಪುತ್ತಾರೆ. ಹಗ್ಗ ಕೊರಳಿಗೆ ಬಿದ್ದು ಕಾಲಡಿಯ ಹಲಗೆ ಸರಿದ ಕ್ಷಣಕ್ಕೆ ತನ್ನದೆಲ್ಲ ಮುಗಿಯುತ್ತದೆ ಎಂದು ತಿಳಿದೂ ಆ ಆಸರೆಯನ್ನು ಬೇಡವೆಂದರು. ಇದನ್ನು ಅಹಂಕಾರ ಎನ್ನುವುದು ಅನ್ಯಾಯ. ಇಡೀ ಲೇಖನ ಶುರುವಾಗುವುದೇ ಆ ಆರೋಪಕ್ಕೆ ಉತ್ತರವಾಗಿ.

ಆಸ್ತಿಕರನ್ನು ಹೀಯಾಳಿಸುವವರಿಗೆ ಇನ್ನೊಂದು ಭಾಗ ತೋರಿಸಬೇಕು. ಕಾಕೋರಿಯ ನಾಲ್ವರು ಹುತಾತ್ಮರೂ ಕೊನೆಯ ದಿನವನ್ನು ಪ್ರಾರ್ಥನೆಯಲ್ಲಿ ಕಳೆದರು ಎಂದು ಇದೇ ಲೇಖನದಲ್ಲಿದೆ. ರಾಮಪ್ರಸಾದ್ ಬಿಸ್ಮಿಲ್ ಸಂಪ್ರದಾಯನಿಷ್ಠ ಆರ್ಯಸಮಾಜಿ. ರಾಜೇಂದ್ರ ಲಾಹಿರಿ ಸಮಾಜವಾದ ಓದಿಕೊಂಡವರಾದರೂ ಗೀತೆ, ಉಪನಿಷತ್ತಿನ ಶ್ಲೋಕ ಹೇಳದೆ ಇರಲಾಗಲಿಲ್ಲ. ಇದನ್ನೆಲ್ಲ ಬರೆಯುವಾಗ ಭಗತ್ ಸಿಂಗರ ಮಾತಿನಲ್ಲಿ ತಿರಸ್ಕಾರ ಕಾಣುವುದಿಲ್ಲ.

ಬಿಸ್ಮಿಲ್ ಆತ್ಮಕಥೆಯನ್ನೂ ಜೊತೆಗೆ ಓದಬೇಕು. ಆ ನಾಲ್ವರಲ್ಲಿ ಒಬ್ಬರಾದ ಅಶ್ಫಾಕುಲ್ಲಾ ಖಾನ್ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪಿ 'ರಾಮ, ರಾಮ' ಎಂದು ಕನವರಿಸಿದಾಗ ಮನೆಯವರು ಅಲ್ಲಾನ ಹೆಸರು ಹೇಳು ಎಂದರಂತೆ. ಕರೆಯುತ್ತಿರುವುದು ಗೆಳೆಯ ರಾಮಪ್ರಸಾದನನ್ನು ಎಂದು ತಿಳಿದವರೊಬ್ಬರು ಬಿಸ್ಮಿಲ್‌ಗೆ ಹೇಳಿಕಳಿಸಿದರು. 1927ರ ಡಿಸೆಂಬರ್ 19ರಂದು ಬಿಸ್ಮಿಲ್ ಗೋರಖಪುರದಲ್ಲಿ, ಅಶ್ಫಾಕ್ ಫೈಜಾಬಾದಿನಲ್ಲಿ ಗಲ್ಲಿಗೇರಿದರು. ಇಬ್ಬರೂ ತಮ್ಮ ತಮ್ಮ ಧರ್ಮವನ್ನು ಬಿಟ್ಟಿರಲಿಲ್ಲ.

ಧರ್ಮ ಅವರವರ ಖಾಸಗಿ ವಿಷಯ, ಅದನ್ನು ರಾಜಕೀಯಕ್ಕೆ ತರಬಾರದು, 1914-15ರಲ್ಲಿ ಬ್ರಿಟಿಷರ ವಿರುದ್ಧ ದಂಗೆಗೆ ಯತ್ನಿಸಿದ ಗದರ್ ಪಕ್ಷದ ಹುತಾತ್ಮರು ಹಾಗೆ ಬೇರೆಯಿಟ್ಟಿದ್ದರಿಂದಲೇ ಸಿಖ್ಖರು, ಹಿಂದೂಗಳು, ಮುಸ್ಲಿಮರು ಒಟ್ಟಿಗೆ ನಿಂತರು ಎಂದು ಭಗತ್ ಸಿಂಗ್ 'ಕಿರ್ತಿ' ಪತ್ರಿಕೆಯಲ್ಲಿ ಬರೆದರು. ಅವರನ್ನು ನಮ್ಮವರು ಎಂದುಕೊಳ್ಳುವ ಎಲ್ಲ ಗುಂಪುಗಳೂ ಮೊದಲು ಒಪ್ಪಬೇಕಾದದ್ದು ಈ ಮಾತನ್ನು.