ಮೊದಲು ಆ ಐದು ಸಾಲು, ಆಮೇಲೆ ಉಳಿದ ಪಠಣ

ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಈಗ ಪಾಲಿ ಭಾಷೆಯ ಬೌದ್ಧ ಪಠಣದ ಆಡಿಯೋಗಳು ಬಹಳ ಓಡಾಡುತ್ತಿವೆ. ಜತೆಗೊಂದು ಒಕ್ಕಣೆ: ಮಲಗುವ ಮುಂಚೆ ಕೇಳಿ, ನಿದ್ದೆ ಬರುತ್ತದೆ, ಬೆಳಿಗ್ಗೆ ಕೇಳಿ, ಅಂದುಕೊಂಡದ್ದು ಆಗುತ್ತದೆ. ಕೇಳುವುದರಿಂದ ಕೆಡುಕೇನೂ ಇಲ್ಲ. ಆದರೆ ಹೀಗೆ ಕೇಳಿ ಕೇಳಿ ಆಸೆ ಹುಟ್ಟಿ ಒಂದು ಭಾನುವಾರ ಬುದ್ಧ ವಿಹಾರಕ್ಕೆ ಹೋದವರು, ಅಲ್ಲಿ ಪಂಚಶೀಲದ ಐದು ಸಾಲು ಹೇಳಿಸುವಾಗ ಗುಂಪಿನ ಜತೆ ಗುನುಗಿ ದಾಟಿಬಿಡುತ್ತಾರೆ. ಚೆಂದದ ಸ್ವರದ ಸೂತ್ರ ಯಾವಾಗ ಬರುತ್ತದೆ ಎಂದು ಕಾಯುತ್ತಾರೆ. ನನ್ನ ತಕರಾರು ಇದಕ್ಕೇ. ಬೌದ್ಧ ಪಠಣದಿಂದ ಬದುಕಿಗೊಂದು ದಾರಿ ಸಿಗಬೇಕು ಎನ್ನುವವರು ಆ ಐದು ಸಾಲಿನಿಂದಲೇ ಶುರು ಮಾಡಬೇಕು.

ವಂದನೆಯ ಕ್ರಮವೇ ಇದನ್ನು ಹೇಳುತ್ತದೆ. ಮೊದಲು 'ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ' ಎಂಬ ಬುದ್ಧ ನಮನ ಮೂರು ಸಲ. ಆಮೇಲೆ ತ್ರಿಸರಣ: ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ಒಂದೊಂದು ಸಾಲು, ಅದನ್ನೇ 'ದುತಿಯಂಪಿ' (ಎರಡನೇ ಸಲ), 'ತತಿಯಂಪಿ' (ಮೂರನೇ ಸಲ) ಸೇರಿಸಿ ಇನ್ನೆರಡು ಸುತ್ತು, ಒಟ್ಟು 9 ಸಾಲು. ಅದರ ಬೆನ್ನಿಗೇ ಪಂಚಶೀಲ. ಜೀವ ತೆಗೆಯುವುದು, ಕೊಡದ್ದನ್ನು ತೆಗೆದುಕೊಳ್ಳುವುದು, ಕಾಮದಲ್ಲಿ ತಪ್ಪಿ ನಡೆಯುವುದು, ಸುಳ್ಳು, ಮೈಮರೆಸುವ ಮದ್ಯ, ಈ ಐದರಲ್ಲಿ ಪ್ರತಿಯೊಂದೂ 'ವೇರಮಣೀ ಸಿಕ್ಖಾಪದಂ ಸಮಾದಿಯಾಮಿ' ಎಂದು ಮುಗಿಯುತ್ತದೆ. ಇದರಿಂದ ದೂರ ಇರುವ ಶಿಕ್ಷಣವನ್ನು ನಾನಾಗಿಯೇ ತೆಗೆದುಕೊಳ್ಳುತ್ತೇನೆ ಎಂದರ್ಥ. ಮೇಲಿನಿಂದ ಯಾರೂ ಅಪ್ಪಣೆ ಕೊಡುತ್ತಿಲ್ಲ, ತಪ್ಪಿದರೆ ಶಾಪವೂ ಇಲ್ಲ. ತಪ್ಪಿದವರು ಮರುದಿನ ಮತ್ತೆ ತೆಗೆದುಕೊಳ್ಳುತ್ತಾರೆ. ದಿನಾ ಹೇಳುವುದು ಅದಕ್ಕೇ.

ಇದನ್ನು ಕೈಗೆ ಹತ್ತಿಸಿಕೊಳ್ಳುವುದು ಹೇಗೆ? ಐದನ್ನೂ ಒಟ್ಟಿಗೆ ಹಿಡಿಯಲು ಹೋದವರು ಬೇಗ ಕೈಬಿಡುತ್ತಾರೆ. ಬಾಯಲ್ಲಿ ಐದನ್ನೂ ಹೇಳಿ, ಗಮನ ಮಾತ್ರ ವಾರಕ್ಕೆ ಒಂದರ ಮೇಲೆ ಇಡಿ. ಈ ಊರಲ್ಲಿ ಹೆಚ್ಚು ಮುರಿಯುವುದು ನಾಲ್ಕನೆಯದು. ಇನ್ನೂ ಮನೆಯಲ್ಲೇ ಚಪ್ಪಲಿ ಹುಡುಕುತ್ತಿರುವವರು ಫೋನಿನಲ್ಲಿ 'ದಾದರ್ ದಾಟಿದೆ' ಎನ್ನುವುದಿಲ್ಲವೇ, ಅಲ್ಲಿಂದ ಶುರು. ಎರಡನೆಯದನ್ನು ಕಳ್ಳತನ ಎಂದಷ್ಟೇ ತಿಳಿದವರು ತಾವು ಪಾಸಾದೆವು ಎಂದುಕೊಳ್ಳುತ್ತಾರೆ. ಅದರ ಮಾತು 'ಅದಿನ್ನಾದಾನಾ', ಅಂದರೆ ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಕೆಲಸದವಳ ರಜೆಯ ಸಂಬಳ, ಬೇರೆಯವರು ಮಾಡಿದ ಕೆಲಸದ ಹೆಸರು, ಸೊಸೈಟಿಯ ಮೆಟ್ಟಿಲ ಕೆಳಗಿನ ಜಾಗ, ಎಲ್ಲವೂ ಇದರೊಳಗೆ ಬರುತ್ತವೆ. ರಾತ್ರಿ ಎರಡೇ ನಿಮಿಷ ಕೂತು ಆ ದಿನ ಆ ಒಂದು ಸಾಲು ಎಲ್ಲಿ ತಪ್ಪಿತು ಎಂದು ನೋಡಿಕೊಂಡರೆ ಸಾಕು. ಮರುದಿನ ಬೆಳಿಗ್ಗೆ ಅದೇ ಸಾಲು ಬಾಯಿಗೆ ಬಂದಾಗ ಅದಕ್ಕೊಂದು ತೂಕ ಬಂದಿರುತ್ತದೆ.

ಶೀಲ ಬಿಟ್ಟು ಮೆತ್ತ (ಮೈತ್ರಿ) ಸೂತ್ರಕ್ಕೆ ಹಾರುವವರು ಆ ಸೂತ್ರವನ್ನೇ ಮೊದಲಿನಿಂದ ಓದಿ ನೋಡಲಿ. 'ಕರಣೀಯಮತ್ಥಕುಸಲೇನ' ಎಂದು ಶುರುವಾಗುವ ಹತ್ತು ಗಾಥೆಗಳಲ್ಲಿ 'ಎಲ್ಲ ಜೀವಿಗಳೂ ಸುಖವಾಗಿರಲಿ' ಎನ್ನುವ ಹಾರೈಕೆ ಬರುವುದು ಮೂರನೆಯದರ ಕೊನೆಗೆ. ಅಲ್ಲಿಯವರೆಗೆ ಹಾರೈಸುವವನು ಹೇಗಿರಬೇಕು ಎಂಬ ಪಟ್ಟಿಯೇ ಇದೆ. ನೆಟ್ಟಗಿರಬೇಕು, ಮೃದುವಾಗಿರಬೇಕು, ಜಂಬ ಇರಬಾರದು. 'ಸುವಚೋ', ಬುದ್ಧಿ ಹೇಳಿದರೆ ಕೇಳುವವನಾಗಿರಬೇಕು. 'ಸುಭರೋ', ಸಾಕುವವರಿಗೆ ಹೊರೆಯಾಗಬಾರದು. 'ಅಪ್ಪಕಿಚ್ಚೋ', ಮೈಮೇಲೆ ಹತ್ತಾರು ಕೆಲಸ ಎಳೆದುಕೊಂಡಿರಬಾರದು. ಮುಂಬಯಿಯಲ್ಲಿ ಇದೊಂದು ಶಬ್ದದ ಮೇಲೆಯೇ ಒಂದು ವರ್ಷ ಕೂರಬಹುದು! ಯಾವುದು ಮಂಗಲ ಎಂದು ಹೇಳುವ ಮಂಗಲ ಸೂತ್ರವೂ ಹಾಗೆಯೇ. ಅದರಲ್ಲಿ ಎಣಿಸುವ 38 ಮಂಗಲಗಳಲ್ಲಿ ತಾಯಿತಂದೆಯ ಸೇವೆ, ಹೆಂಡತಿ ಮಕ್ಕಳ ಪಾಲನೆ, ಗೊಂದಲವಿಲ್ಲದ ಕೆಲಸ ಇವೆಲ್ಲ ಇವೆ. ತಾಯಿತ, ಮುಹೂರ್ತಗಳ ಸುದ್ದಿಯೇ ಇಲ್ಲ.

ಇನ್ನು ಉಚ್ಚಾರಣೆ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ, ಒಂದು ತೊಡಕು. ಅನುಕೂಲ ನಮ್ಮ ಲಿಪಿ. ಪಾಲಿಯಲ್ಲಿ ಒತ್ತಕ್ಷರದ ಮುಂಚೆ ಬರುವ ಎ, ಒ ಸ್ವರಗಳನ್ನು ಹ್ರಸ್ವವಾಗಿ ಹೇಳುತ್ತಾರೆ: ಮೆತ್ತ, ಎತ್ಥ, ಸೊತ್ಥಿ. ದೇವನಾಗರಿಯಲ್ಲಿ ಇವನ್ನು ದೀರ್ಘದಿಂದ ಬೇರೆ ಮಾಡಿ ಬರೆಯಲು ರೂಢಿಯ ಅಕ್ಷರವಿಲ್ಲ, ನಮ್ಮಲ್ಲಿದೆ. ಹಾಗಾಗಿ ಮರಾಠಿ ಪುಸ್ತಿಕೆ ನೋಡಿ ಓದುವ ಬದಲು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಪಾಲಿಯಲ್ಲಿ ಶ, ಷ ಎರಡೂ ಇಲ್ಲ. 'ಶರಣಂ' ಎನ್ನುವುದು ಸಂಸ್ಕೃತದ ಅಭ್ಯಾಸ, ಇಲ್ಲಿ 'ಸರಣಂ'. ಕೊನೆಯ ಅನುಸ್ವಾರವನ್ನು ಸಿಂಹಳ, ಬರ್ಮಾ ಪರಂಪರೆಯವರು ಮೂಗಿನಲ್ಲಿ 'ಬುದ್ಧಙ್' ಎಂಬಂತೆ ಹೇಳುತ್ತಾರೆ. ಮಹಾರಾಷ್ಟ್ರದ ವಿಹಾರಗಳಲ್ಲಿ ತುಟಿ ಮುಚ್ಚಿ 'ಬುದ್ಧಮ್' ಎನ್ನುವುದೇ ಹೆಚ್ಚು. ನೀವು ಯಾರ ಜತೆ ಕೂತಿದ್ದೀರೋ ಅವರಂತೆ ಹೇಳಿ.

ತೊಡಕು ಬರುವುದು ನಮ್ಮ ಭಜನೆಯ ನಾಲಿಗೆಯಿಂದ. ಶುಕ್ರವಾರ ಶನಿವಾರ ಭಜನಾ ಮಂಡಳಿಗಳಲ್ಲಿ ಹಾಡಿ ಪಳಗಿದವರಿಗೆ ತಾಳ ಮೊದಲು, ಶಬ್ದ ಆಮೇಲೆ. ಭಜನೆಗೆ ಅದೇ ಸರಿ. ಆದರೆ 'ಗಚ್ಛಾಮಿ'ಯ ಕೊನೆಯ 'ಮಿ'ಯನ್ನು ರಾಗವಾಗಿ ಎಳೆದರೆ ಪಾಲಿಯ ನಡಿಗೆ ಕೆಡುತ್ತದೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ ನೆನಪಿದ್ದರೆ ಸಾಕು. 'ಬುದ್ಧಂ' ಎರಡು ಗುರು, 'ಸರಣಂ' ಲಘು ಲಘು ಗುರು, 'ಗಚ್ಛಾಮಿ' ಗುರು ಗುರು ಲಘು. ಗುರುವಿಗೆ ಲಘುವಿನ ಎರಡರಷ್ಟು ಹೊತ್ತು ಕೊಟ್ಟು ಮಾತಾಡುವ ಶ್ರುತಿಯಲ್ಲೇ ಹೇಳಿದರೆ ಪಠಣ ತಾನಾಗಿ ನಡೆಯುತ್ತದೆ, ಹಾರ್ಮೋನಿಯಂ ಬೇಕಿಲ್ಲ. ಉಸಿರನ್ನು ಸಾಲಿನ ಕೊನೆಗೆ ತೆಗೆದುಕೊಳ್ಳಿ. 'ಸುರಾಮೇರಯಮಜ್ಜಪಮಾದಟ್ಠಾನಾ' ಎಂಬ ಉದ್ದ ಸಮಾಸದಲ್ಲಿ ಎಲ್ಲರೂ ಎಡವುತ್ತಾರೆ. 'ಸುರಾ-ಮೇರಯ-ಮಜ್ಜ' ಎಂದು ಒಂದು ತುಂಡು, 'ಪಮಾದಟ್ಠಾನಾ' ಇನ್ನೊಂದು ತುಂಡು ಮಾಡಿ ಬೇರೆ ಬೇರೆ ಕಲಿತು ಆಮೇಲೆ ಜೋಡಿಸಿ. ವೇಗ ಹೆಚ್ಚಾದಾಗ ಮೊದಲು ಬಿದ್ದುಹೋಗುವುದು ಒತ್ತಕ್ಷರ, ಅದರ ಹಿಂದೆ ಅರ್ಥ, ಅದರ ಹಿಂದೆ ಗಮನ. ತುಟಿ ಪಠಣದಲ್ಲಿ, ತಲೆ ಮಾರ್ಕೆಟ್ಟಿನಲ್ಲಿ ಎಂದಾದಾಗ ನಿಲ್ಲಿಸಿ ಅದೇ ಸಾಲನ್ನು ಮತ್ತೆ ಹಿಡಿಯಿರಿ.

ಹೂವಿನ ಪೂಜೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ನೋಡಲು ನಮ್ಮ ಮನೆಯ ಪೂಜೆಯಂತೆಯೇ ಇದೆ. ಬುದ್ಧನ ಮುಂದೆ ಹೂ, ದೀಪ, ಊದುಬತ್ತಿ. ಬಣ್ಣ, ಪರಿಮಳ ಇರುವ ಹೂವನ್ನು ಮುನಿಯ ಪಾದಕ್ಕೆ ಅರ್ಪಿಸುತ್ತೇನೆ ಎಂದು ಗಾಥೆ ಶುರುವಾಗುತ್ತದೆ. ಮುಂದೆ 'ಪುಪ್ಫಂ ಮಿಲಾಯತಿ ಯಥಾ ಇದಂ ಮೇ, ಕಾಯೋ ತಥಾ ಯಾತಿ ವಿನಾಸಭಾವಂ': ಈ ಹೂ ಬಾಡುವಂತೆಯೇ ಈ ಮೈಯೂ ಅಳಿವಿನತ್ತ ಸಾಗುತ್ತದೆ. ಇಲ್ಲಿ ಲೋಕದ ಸುಖದ ಬೇಡಿಕೆಯೂ ಇಲ್ಲ, ಹರಕೆಯೂ ಇಲ್ಲ. ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಒಂದೇ. ಒಂದೇ ಹೂ ಇಡಿ, ಸಂಜೆಯವರೆಗೆ ತೆಗೆಯಬೇಡಿ. ಬೆಳಿಗ್ಗೆ ಬಿಗಿಯಾಗಿದ್ದ ದಾಸವಾಳ ಸಂಜೆಗೆ ಸುರುಟಿಕೊಂಡು ತುದಿ ಕಪ್ಪಗಾದದ್ದನ್ನು ಕೈಯಲ್ಲಿ ಹಿಡಿದು ಆ ಗಾಥೆಯನ್ನು ಇನ್ನೊಮ್ಮೆ ಹೇಳಿ. ಬೆಳಿಗ್ಗೆಯ ಪಠಣಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ಪ್ಲಾಸ್ಟಿಕ್ ಹೂವಿನ ಮುಂದೆ ಈ ಗಾಥೆ ಹೇಳುವುದರಲ್ಲಿ ಅರ್ಥವೇ ಇಲ್ಲ.

ಮುಂಬಯಿಯಲ್ಲಿ ಹೋಗುವುದೆಲ್ಲಿಗೆ? ಇಲ್ಲಿ ಮೂರು ಬೇರೆ ಬೇರೆ ದಾರಿಗಳಿವೆ. ಮೂರನ್ನೂ ಒಂದೇ ಬೆಳಿಗ್ಗೆ ಕಲಸುವುದು ಹೊಸಬರು ಮಾಡುವ ದೊಡ್ಡ ತಪ್ಪು.

ಮೊದಲನೆಯದು ಬಸ್ತಿ, ಚಾಳುಗಳ ನಡುವೆ ಇರುವ ಬುದ್ಧ ವಿಹಾರಗಳು. ಬುದ್ಧನ ಪಕ್ಕದಲ್ಲಿ ಬಾಬಾಸಾಹೇಬ ಅಂಬೇಡ್ಕರರ ಫೋಟೋ ಇರುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಂದಿಗೆ ದೀಕ್ಷೆ ತೆಗೆದುಕೊಳ್ಳದೇ ಇದ್ದಿದ್ದರೆ ಈ ಊರಿನ ಗಲ್ಲಿಗಲ್ಲಿಯಲ್ಲಿ ತ್ರಿಸರಣ ಕೇಳಿಸುತ್ತಲೇ ಇರಲಿಲ್ಲ. ನಮ್ಮವರಲ್ಲಿ ಕೆಲವರು 'ಅಲ್ಲಿ ರಾಜಕೀಯ, ನಮಗೆ ಶಾಂತ ಜಾಗ ಬೇಕು' ಎಂದು ದೂರ ಉಳಿಯುತ್ತಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮನುಷ್ಯನನ್ನು ಮೇಲುಕೀಳು ಮಾಡುವುದನ್ನು ಬಿಡದೆ ಮೊದಲ ಶೀಲವನ್ನು ಹೇಳುವುದು ಹೇಗೆ? ವಂದನೆ ಕಲಿಯಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮಕ್ಕಳು, ಅಜ್ಜಿಯರು ಒಟ್ಟಿಗೆ ಹೇಳುತ್ತಾರೆ, ನಿಧಾನವಾಗಿ ಹೇಳುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ಆಷಾಢ ಹುಣ್ಣಿಮೆಯಿಂದ ಆಶ್ವಿನ ಹುಣ್ಣಿಮೆಯವರೆಗಿನ ವರ್ಷಾವಾಸದಲ್ಲಿ ಹಲವು ವಿಹಾರಗಳಲ್ಲಿ ಬಾಬಾಸಾಹೇಬರ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ವಾಚನ ನಡೆಯುತ್ತದೆ. ಮರಾಠಿ ಅರ್ಥವಾಗುವ ಮುಂಬಯಿ ಕನ್ನಡಿಗರಿಗೆ ಅದು ಪುಕ್ಕಟೆ ಪಾಠ.

ಎರಡನೆಯದು ವರ್ಲಿಯ ಜಪಾನಿ ದೇವಾಲಯ, ನಿಪ್ಪೊನ್‌ಜಾನ್ ಮ್ಯೋಹೋಜಿ ಪಂಥದ್ದು. ಇದರ ಸ್ಥಾಪಕ ಭಿಕ್ಷು ನಿಚಿದಾತ್ಸು ಫುಜಿ 1931ರಲ್ಲಿ ಭಾರತಕ್ಕೆ ಬಂದು, 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡವರು. ಇಲ್ಲಿನ ಪಠಣ ಪಾಲಿಯಲ್ಲ. 'ನಮು ಮ್ಯೋಹೋ ರೆಂಗೆ ಕ್ಯೋ', ಅಂದರೆ ಸದ್ಧರ್ಮ ಪುಂಡರೀಕ ಸೂತ್ರಕ್ಕೆ ನಮನ. 13ನೇ ಶತಮಾನದ ನಿಚಿರೆನ್ ಪರಂಪರೆಯಿಂದ ಬಂದದ್ದು. ನಗಾರಿಯ ಪೆಟ್ಟಿಗೆ ಸರಿಯಾಗಿ ಅದೊಂದೇ ಮಾತು, ಮತ್ತೆ ಮತ್ತೆ. ದನಿ ಎದೆಯ ಗೂಡಿಗೆ ಬಡಿಯುತ್ತದೆ. ಅಲೆಯುವ ಮನಸ್ಸಿನವರಿಗೆ ಇದು ಬಹಳ ಒಗ್ಗುತ್ತದೆ. ಪೆಟ್ಟು ತಪ್ಪದಂತೆ ಕೂರಬೇಕಾದರೆ ಬೇರೆ ಯೋಚನೆಗೆ ಎಡೆ ಕಮ್ಮಿ. ಕೈದಮ್ಮಡಿ ಕೊಟ್ಟರೆ ಜೋರಾಗಿ ಬಡಿಯಬೇಡಿ. ಮಣಿಕಟ್ಟು ಸಡಿಲ ಬಿಟ್ಟು ದೊಡ್ಡ ನಗಾರಿಯ ಹಿಂದೆ ಹೋಗಿ. ನಗರದ ಫ್ಲ್ಯಾಟುಗಳಲ್ಲಿ ಗುಂಪಾಗಿ ಕೂತು 'ನಮ್ ಮ್ಯೋಹೋ ರೆಂಗೆ ಕ್ಯೋ' ಎನ್ನುವವರೂ ನಿಚಿರೆನ್ ಪರಂಪರೆಯವರೇ, ಆದರೆ ಪಂಥ ಬೇರೆ, ವಿಧಿ ಬೇರೆ.

ಮೂರನೆಯದು ಗೊರಾಯಿಯ ವಿಪಸ್ಸನಾ ಪಗೋಡ. ವಿಪಸ್ಸನಾ ಅಂದರೆ ಉಸಿರು, ಮೈಯ ಸಂವೇದನೆಗಳನ್ನು ಗಮನಿಸುವ ಧ್ಯಾನ. 2009ರಲ್ಲಿ ಉದ್ಘಾಟನೆಯಾದ ಆ ಗುಮ್ಮಟದೊಳಗೆ ಒಂದೇ ಒಂದು ಕಂಬವಿಲ್ಲ, ಸುಮಾರು 8000 ಜನ ಕೂರಬಹುದು. ನೋಡಲು ಯಾರಾದರೂ ಹೋಗಬಹುದು. ಆದರೆ ಅಲ್ಲಿನ ಒಂದು ದಿನದ ಶಿಬಿರ ಹತ್ತು ದಿನದ ಶಿಬಿರ ಮುಗಿಸಿದವರಿಗೆ ಮಾತ್ರ. ಇದು ಗೊತ್ತಿಲ್ಲದೆ ಬೊರಿವಲಿಯಿಂದ ದೋಣಿ ಹತ್ತಿ ಹೋಗಿ ನಿರಾಶರಾಗುವವರುಂಟು. ಅಲ್ಲಿ ಕಲಿಸುವ ವಿಪಸ್ಸನಾ ಗುರು ಗೊಯೆಂಕಾ ಅವರ ಪದ್ಧತಿಯಲ್ಲಿ ಸಾಧಕ ಉಸಿರಿನ ಜತೆ ಯಾವ ಮಂತ್ರವನ್ನೂ ಸೇರಿಸಬಾರದು. ಶಬ್ದ ಸೇರಿದರೆ ಮನಸ್ಸು ಬೇಗ ನಿಲ್ಲುತ್ತದೆ ನಿಜ, ಆದರೆ ಮೈಯೊಳಗಿನ ಸಹಜ ಸಂವೇದನೆ ಆ ಶಬ್ದದಡಿ ಮುಚ್ಚಿಹೋಗುತ್ತದೆ. ಆದ್ದರಿಂದ ವರ್ಲಿಯ ಜಪವನ್ನು ಗೊರಾಯಿಯ ಧ್ಯಾನಕ್ಕೆ ಒಯ್ಯಬೇಡಿ. ಒಂದನ್ನು ಹಿಡಿದು ಕನಿಷ್ಠ ಒಂದು ವರ್ಷಾವಾಸವಾದರೂ, ಅಂದರೆ ಮೂರು ತಿಂಗಳು, ಅದರಲ್ಲೇ ಇರಿ.

'ಇದು ನಮ್ಮದಲ್ಲವಲ್ಲ' ಎಂಬ ಹಿಂಜರಿಕೆ ಇರುವವರು ಲೋಣಾವಳಾ ಹತ್ತಿರದ ಕಾರ್ಲಾ ಗುಹೆಗೆ ಹೋಗಲಿ. ಅಲ್ಲಿನ ಮಹಾಚೈತ್ಯದ ಮುಂಭಾಗದಲ್ಲೊಂದು ಬ್ರಾಹ್ಮಿ ಶಾಸನ ಇದೆ. ವೈಜಯಂತಿಯ ಸೆಟ್ಟಿ ಭೂತಪಾಲ ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ ಎಂದು ಅದರ ಮಾತು. ವೈಜಯಂತಿ ಅಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬೊರಿವಲಿಯ ಕಾನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳಿವೆ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅದೇ ನೃಪತುಂಗ. ಅವನ ಸಾಮಂತರಾದ ಶಿಲಾಹಾರರು ಕೊಂಕಣ ಆಳುತ್ತಿದ್ದಾಗ ಭಿಕ್ಷುಗಳ ಬಟ್ಟೆಬರೆಗೆ, ಧ್ಯಾನದ ಕೋಣೆಗಳಿಗೆ ದತ್ತಿ ಬಿಟ್ಟದ್ದು ಅಲ್ಲಿ ದಾಖಲಾಗಿದೆ. ಮಂಗಳೂರಿನ ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದ ಮೇಲೆ 968ರಲ್ಲಿ ಆಳುಪ ದೊರೆ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಎಂದಿದೆ. ಊರಿಗೆ ಹೋದಾಗಲೆಲ್ಲ ಕದ್ರಿಗೆ ಹೋಗಿಬರುವ ನಮ್ಮ ಮಂಗಳೂರಿನವರು ಅದನ್ನು ಕಂಡಿಯೇ ಇರುತ್ತಾರೆ.

ಕಾನ್ಹೇರಿಯಲ್ಲಿ ಪಠಣ ಮಾಡಬಯಸುವವರಿಗೆ ಎರಡು ಮಾತು. ಮೂರನೇ ಗುಹೆಯ ಚೈತ್ಯದಲ್ಲಿ ದನಿ ತಿರುಗಿ ತಿರುಗಿ ಬರುತ್ತದೆ. ಆದ್ದರಿಂದ ಒಂದು ಸಾಲಿನ ಗುಂಗು ಇಳಿಯುವ ತನಕ ಮುಂದಿನ ಸಾಲು ಎತ್ತಬೇಡಿ, ಇಲ್ಲವಾದರೆ ಎಲ್ಲ ಕಲಸಿ ಬರೀ ಗದ್ದಲ. ಗುಹೆಯೊಳಗೆ ಊದುಬತ್ತಿ, ದೀಪ ಹಚ್ಚಬಾರದು, ಕಲ್ಲಿಗೆ ಮಸಿ ಹಿಡಿಯುತ್ತದೆ. ಸೋಮವಾರ ರಜೆ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ.

ವಿಹಾರದ ರೀತಿರಿವಾಜು ಹೆಚ್ಚೇನಿಲ್ಲ. ಚಪ್ಪಲಿ ಹೊರಗೆ, ಫೋನ್ ಮೌನ, ಪ್ರದಕ್ಷಿಣೆ ಬಲಕ್ಕೆ, ಕಾಲು ಬುದ್ಧನತ್ತ ಚಾಚಬಾರದು, ನಮಸ್ಕಾರ ಮೂರು ಸಲ. ಥೇರವಾದಿ (ಸಿಂಹಳ, ಬರ್ಮಾ ಪರಂಪರೆಯ) ಭಿಕ್ಷುಗಳಿಗೆ ಊಟ ಕೊಡುವುದಿದ್ದರೆ ಮಧ್ಯಾಹ್ನ 12ರ ಒಳಗೆ ಮುಗಿಯುವಂತೆ ಕೊಡಿ, ಆಮೇಲೆ ಅವರು ಉಣ್ಣುವುದಿಲ್ಲ.

ಪುಸ್ತಿಕೆ ಬೇಕಾದವರು ಡಿಸೆಂಬರ್ 6ರ ಬಾಬಾಸಾಹೇಬರ ಮಹಾಪರಿನಿರ್ವಾಣ ದಿನದ ಹೊತ್ತಿಗೆ ದಾದರಿನ ಶಿವಾಜಿ ಪಾರ್ಕಿಗೆ ಹೋಗಿ. ಅವರ ಅಂತ್ಯಸಂಸ್ಕಾರ ನಡೆದ ಚೈತ್ಯಭೂಮಿಗೆ ಬರುವ ಜನಸಾಗರಕ್ಕೆಂದು ಅಲ್ಲಿ ಪುಸ್ತಕದ ಅಂಗಡಿಗಳು ಸಾಲಾಗಿ ನಿಂತಿರುತ್ತವೆ. ದರ್ಶನದ ಸರತಿ ಬಹಳ ಉದ್ದ, ನೀರು ಜತೆಗಿರಲಿ. ಪಾಲಿ ಮೂಲದ ಎದುರಿಗೇ ಮರಾಠಿ ಅರ್ಥ ಇರುವ ವಂದನೆಯ ಪುಸ್ತಿಕೆಯನ್ನೇ ಆರಿಸಿ, ಬರೀ ಮೂಲ ಇರುವುದು ಬೇಡ. ಮನೆಗೆ ಬಂದು ತ್ರಿಸರಣ, ಪಂಚಶೀಲ, ಹೂವಿನ ಗಾಥೆ ಇಷ್ಟನ್ನು ಕನ್ನಡಕ್ಕೆ ಇಳಿಸಿಕೊಳ್ಳಿ. ಒತ್ತಕ್ಷರದ ಮುಂಚಿನ ಎ, ಒ ಹ್ರಸ್ವ ಎಂಬುದನ್ನು ಬರೆಯುವಾಗಲೇ ನೋಡಿಕೊಂಡು, ಪ್ರತಿ ಸಾಲಿನ ಕೆಳಗೆ ಅದರ ಅರ್ಥವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಮೆತ್ತ ಸೂತ್ರಕ್ಕೆ ಈಗಲೇ ಕೈ ಹಾಕಬೇಡಿ, ಪಂಚಶೀಲ ಪುಸ್ತಕ ನೋಡದೆ ಬರುವ ತನಕ ಕಾಯಿರಿ.